ಬೋರ್ಡಿಗೆ ಹೋದ ಚೀಟಿಗಳು

"ಬಿಸ್ಕತ್ ಪುಡಿ ಕೋಚ್ ಅಂತೆ ಕಣ್ರೋ!" ಎಂದು ಬೀದಿಯಲ್ಲಿ ಯಾರೋ ಕೂಗಿದರು. ಅದರ ಬೆನ್ನಿಗೇ ಹತ್ತು ಹದಿನೈದು ಜನ ಗೊಳ್ಳೆಂದು ನಕ್ಕರು.

ಲಾಂಡ್ರಿಯ ಕೌಂಟರಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕುಳಿತು ಕಾಲು ಆಡಿಸುತ್ತಿದ್ದ ಪಿಟೀಲು ಗಕ್ಕನೆ ತಲೆ ಎತ್ತಿದಳು. ಬಿಸ್ಕತ್ ಪುಡಿ ಕೋಚ್? ಆ ಹೆಸರು ಇಡೀ ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ತಾನು. ಇನ್ನೊಬ್ಬರು ಹಿಂದಿನ ಕೋಣೆಯಲ್ಲಿ ಬಟ್ಟೆ ತೀಡುವ ಇಸ್ತ್ರಿ ತಾತ. ಬೀದಿಯವರಿಗೆ ಯಾರು ಹೇಳಿದರು?

ಅವಳು ಸ್ಟೂಲಿನಿಂದ ಧುಮುಕಿ ಹೊರಗೋಡಿದಳು. ಎದುರಿನ ಬಸ್‌ಸ್ಟಾಪಿನಲ್ಲಿ ನಿಂತವರೆಲ್ಲ ಬಸ್ಸಿನ ದಾರಿ ನೋಡುವುದು ಬಿಟ್ಟು ಅಂಗಡಿಯ ಬಾಗಿಲ ಮೇಲೆ ಕಣ್ಣಿಟ್ಟಿದ್ದರು. ಬಂದ ಬಸ್ಸೊಂದು ಯಾರೂ ಹತ್ತದೆ ಖಾಲಿ ಹೋಯಿತು ಅಂದರೆ ನೀವೇ ಊಹಿಸಿಕೊಳ್ಳಿ! ಪಿಟೀಲು ಮೆಲ್ಲಗೆ ತಿರುಗಿ ಮೇಲೆ ನೋಡಿದಳು.

ಬಾಗಿಲ ಮೇಲೆ ಕೆಂಪು ದೀಪದ ಅಕ್ಷರಗಳು ಸಾಲಾಗಿ ಓಡುವ ಹಳೇ ಬೋರ್ಡ್ ಇತ್ತು. ಅದಕ್ಕೆ ಕನ್ನಡ ಲಿಪಿ ಬಾರದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಟ್ಟರೆ ತೋರಿಸುತ್ತಿತ್ತು. ದಿನವೂ 'ಇವತ್ತು ಕೊಡಿ, ನಾಳೆ ಒಯ್ಯಿರಿ' ಎಂದು ಓಡುತ್ತಿತ್ತು. ಈಗ ಒಂದೊಂದು ನಂಬರಿನ ಬೆನ್ನಿಗೆ ಓಡುತ್ತಿದ್ದುದೇ ಬೇರೆ.

'ಗೊರಕೆ ಅಂಕಲ್. ಪ್ಯಾಂಟ್ ಎರಡು. ಮಂಡಿ ಹತ್ತಿರ ಹುಷಾರು.'

'ಸೆಂಟ್ ಆಂಟಿ. ಸ್ಕರ್ಟ್ ಒಂದು. ಮೂಗು ಮುಚ್ಚಿಕೋ ತಾತ.'

'ಗುಂಡಿ ಇಲ್ಲದ ಡಾಕ್ಟರ್. ಕೋಟು ಎರಡು. ಗುಂಡಿ ಮತ್ತೆ ಇಲ್ಲ.'

'ಬಿಸ್ಕತ್ ಪುಡಿ ಕೋಚ್. ಟ್ರ್ಯಾಕ್ ಪ್ಯಾಂಟ್ ಮೂರು. ಜೇಬು ಕೊಡವು.'

ಪಿಟೀಲು ನಾಲಿಗೆ ಕಚ್ಚಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೂ ಸ್ವಲ್ಪ ನಗು ಬಂತು. ಅಷ್ಟರಲ್ಲಿ ಐದನೆಯ ಸಾಲು ಓಡಿ ಬಂತು.

'ಒಂದಂಗಿ ಸರ್. ಅಂಗಿ ಒಂದು. ಕಾಲರ್ ಸವೆದಿದೆ, ಮೆಲ್ಲಗೆ.'

ಅವಳು ನಗುವುದು ಬಿಟ್ಟು ಅಂಗಡಿಯೊಳಗಿನ ಗಡಿಯಾರದ ಕಡೆ ನೋಡಿದಳು. ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಪ್ರತಿ ಶನಿವಾರ ಐದು ಗಂಟೆಗೆ ಸರಿಯಾಗಿ ಲೈಬ್ರರಿ ಸರ್ ತಮ್ಮ ಅಂಗಿ ಒಯ್ಯಲು ಬರುತ್ತಾರೆ. ಅಷ್ಟರೊಳಗೆ ಈ ಬೋರ್ಡಿನ ಬಾಯಿ ಮುಚ್ಚಿಸದಿದ್ದರೆ ಅವರು ಇದನ್ನು ಓದುತ್ತಾರೆ!

ಪಿಟೀಲು ಅಂದರೆ ಅವಳ ನಿಜವಾದ ಹೆಸರಲ್ಲ ಬಿಡಿ. ಐದನೇ ಕ್ಲಾಸಿನ ಆ ಹುಡುಗಿ ಹಲ್ಲುಜ್ಜುವಾಗಿನಿಂದ ಹಾಸಿಗೆ ಸೇರುವ ತನಕ 'ಅದು ಯಾಕೆ, ಇದು ಹೇಗೆ' ಎಂದು ಕುಯ್ಯುತ್ತಲೇ ಇರುತ್ತಾಳೆಂದು ಮನೆಯವರು ಕಟ್ಟಿದ ಹೆಸರು. ಸ್ಕೂಲಿನಲ್ಲಿ ಟೀಚರುಗಳೆಲ್ಲ "ಸಾಕು ತಾಯಿ, ಸಾಕು" ಎನ್ನುತ್ತಿದ್ದರು. ಹಾಗೆ ಎನ್ನದವರು ಲೈಬ್ರರಿ ಸರ್ ಒಬ್ಬರೇ. ಅವಳು ಏನಾದರೂ ಕೇಳಿದರೆ "ಬಾ, ಹುಡುಕೋಣ" ಎಂದು ಎದ್ದು ಮೂರು ಪುಸ್ತಕ ತೆಗೆಯುತ್ತಿದ್ದರು. ಒಂದು ಕಾರ್ಡಿಗೆ ಒಂದೇ ಪುಸ್ತಕ ಎಂಬ ರೂಲ್ ಇದ್ದರೂ ಅವಳಿಗೆ ಎರಡು ಕೊಡುತ್ತಿದ್ದರು.

ಅಂಥವರಿಗೆ ಇವಳು ಇಟ್ಟ ಹೆಸರು ನೋಡಿ! ಅವರು ವಾರಪೂರ್ತಿ ಅದೇ ನೀಲಿ ಅಂಗಿ ಹಾಕುತ್ತಿದ್ದರು. ಶುಕ್ರವಾರ ಸಂಜೆ ಒಗೆಯಲು ಕೊಡುತ್ತಿದ್ದರು, ಶನಿವಾರ ಒಯ್ಯುತ್ತಿದ್ದರು. ಪಿಟೀಲಿಗೆ ಹೆಸರು ಹೊಳೆಯಿತು, ಇಟ್ಟಳು. ಹೊಳೆದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ಅವಳದಲ್ಲ.

ಹೆಸರಿಡುವ ಆಟ ಶುರುವಾದದ್ದು ಇಸ್ತ್ರಿ ತಾತನಿಂದ. ಅಂಗಡಿ ಅಮ್ಮನದು. ಪ್ರತಿಯೊಂದು ಬಟ್ಟೆಗೂ ನಂಬರಿನ ಚೀಟಿ ಸಿಕ್ಕಿಸಬೇಕು ಎಂಬುದು ಅಮ್ಮನ ಕಟ್ಟಪ್ಪಣೆ. ಆದರೆ ತಾತ ಗೊಣಗುತ್ತಿದ್ದರು: "ನಂಬರ್ ಯಾರಿಗೆ ನೆನಪಿರುತ್ತಮ್ಮ? ನನಗೆ ಮನುಷ್ಯರು ನೆನಪಿರ್ತಾರೆ." ಸರಿ, ಚೀಟಿ ಟೈಪ್ ಮಾಡುವ ಕೆಲಸ ಪಿಟೀಲಿಗೆ ಬಂದ ಮೇಲೆ ನಂಬರಿನ ಕೆಳಗೆ ಅದೇ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದು ಗುಟ್ಟಿನ ಸಾಲು ಸೇರಿಕೊಂಡಿತು. ತಾತ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಇಸ್ತ್ರಿ ಮುಗಿದ ಮೇಲೆ ಆ ಸಾಲನ್ನು ಹರಿದು ಬುಟ್ಟಿಗೆ ಹಾಕುತ್ತಿದ್ದರು. ಅಮ್ಮನ ಕಣ್ಣಿಗೆ ಬರೀ ನಂಬರ್ ಬೀಳುತ್ತಿತ್ತು.

ಈ ಗುಟ್ಟು ಬೀದಿಗೆ ಬಂದದ್ದು ಹೇಗೆ? ಅದಕ್ಕೆ ಎರಡು ವೈರುಗಳ ಕತೆ ಹೇಳಬೇಕು.

ಅಂಗಡಿಯ ಹಳೇ ಕಂಪ್ಯೂಟರ್ ಹೋದ ತಿಂಗಳು ಒಂದು ಸಲ ಹೊಗೆ ಬಿಟ್ಟು ಕಣ್ಣು ಮುಚ್ಚಿತು. ಕಂಪ್ಯೂಟರ್ ರಿಪೇರಿ ಮಾಡುವ ಮಾಮ ಲಿನಕ್ಸ್ ಎಂಬ ಸಾಫ್ಟ್‌ವೇರ್ ಹಾಕಿದ ಒಂದು ಪುಟ್ಟ ಕಂಪ್ಯೂಟರ್ ಡಬ್ಬಿ ತಂದಿಟ್ಟ. ಆದರೆ ಚೀಟಿ ಪ್ರಿಂಟರಿಗೂ ಬೋರ್ಡಿಗೂ ಇದ್ದದ್ದು ಒಂಬತ್ತು ಸೂಜಿಯ ಹಳೇ ಕಾಲದ ಸೀರಿಯಲ್ ವೈರು. ಹೊಸ ಡಬ್ಬಿಯಲ್ಲಿ ಅಂಥ ಸಾಕೆಟ್ಟೇ ಇಲ್ಲ, ಬರೀ ಯುಎಸ್‌ಬಿ.

"ಹಾಗಾದ್ರೆ ಎರಡನ್ನೂ ಗುಜರಿಗೆ ಹಾಕೋದಾ?" ಎಂದು ಅಮ್ಮ ಕೇಳಿದ್ದಳು.

"ಯಾಕಕ್ಕ? ಇನ್ನೂ ಗಟ್ಟಿಮುಟ್ಟಾಗಿವೆ. ಭಾಷೆ ಹಳೇದು ಅಷ್ಟೆ. ಮಧ್ಯೆ ಒಬ್ಬ ದುಭಾಷಿ ಇಟ್ರೆ ಆಯ್ತು," ಎಂದು ಮಾಮ ಎರಡು ಅಡಾಪ್ಟರ್ ತಂದ. ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಒಂಬತ್ತು ಸೂಜಿ. ಡಬ್ಬಿ ಪ್ರಿಂಟರನ್ನು 'ಟಿಟಿವೈ ಯುಎಸ್‌ಬಿ ಸೊನ್ನೆ' ಎಂದು ಕರೆಯಿತು, ಬೋರ್ಡನ್ನು 'ಟಿಟಿವೈ ಯುಎಸ್‌ಬಿ ಒಂದು' ಎಂದು ಕರೆಯಿತು. ಚೀಟಿ ಸೊನ್ನೆಗೆ ಹೋಗುವಂತೆ, ಜಾಹೀರಾತು ಒಂದಕ್ಕೆ ಹೋಗುವಂತೆ ಮಾಮ ಏರ್ಪಾಡು ಮಾಡಿದ.

ಮೊದಮೊದಲು ಪಿಟೀಲು ಏನು ಬರೆದರೂ ಡಬ್ಬಿ 'ಪರ್ಮಿಷನ್ ಇಲ್ಲ' ಎಂದು ಮುಖ ತಿರುಗಿಸುತ್ತಿತ್ತು. ಆ ವೈರುಗಳಿಗೆ ಬರೆಯುವ ಹಕ್ಕಿದ್ದವರದೇ ಒಂದು ಗುಂಪು ಇತ್ತು. ಅವಳು ಮಾಮನ ತಲೆ ತಿಂದು ತಿಂದು ಆ ಗುಂಪಿಗೆ ತನ್ನ ಹೆಸರೂ ಸೇರಿಸಿಕೊಂಡಿದ್ದಳು.

ಇವತ್ತು ಮಧ್ಯಾಹ್ನ ಅಮ್ಮ ವ್ಯಾನಿನಲ್ಲಿ ಡೆಲಿವರಿಗೆ ಹೊರಟಳು. ವ್ಯಾನ್ ತಿರುವು ದಾಟಿದ್ದೇ ತಡ, ಪಿಟೀಲು ಎರಡು ಅಡಾಪ್ಟರನ್ನೂ ಕಿತ್ತಳು. ಒಂದು ತೂತಿಗೆ ಜಾಯ್‌ಸ್ಟಿಕ್, ಇನ್ನೊಂದಕ್ಕೆ ಗೇಮ್ ಇದ್ದ ಪೆನ್‌ಡ್ರೈವ್ ಹಾಕಿದಳು. ಒಂದು ಗಂಟೆ ಕಾರ್ ರೇಸ್ ಆಡಿದಳು. ಆಮೇಲೆ ಒಳ್ಳೇ ಮಗುವಿನ ಹಾಗೆ ಅಡಾಪ್ಟರುಗಳನ್ನು ವಾಪಸ್ ಹಾಕಿ, ಚೀಟಿಗಳನ್ನು ಟೈಪ್ ಮಾಡಿ, ಬೋರ್ಡಿಗೆ ಒಂದು ಹೊಸ ಜಾಹೀರಾತನ್ನೂ ಬರೆದು ಕಳಿಸಿದಳು. ಪ್ರಿಂಟರ್ ಇರುವುದು ಹಿಂದಿನ ಕೋಣೆಯಲ್ಲಿ, ಬೋರ್ಡಿನ ಮುಖ ಇರುವುದು ಬೀದಿಗೆ. ಕೌಂಟರಿನಲ್ಲಿ ಕೂತವಳಿಗೆ ಎರಡೂ ಕಾಣುವುದಿಲ್ಲ.

ಈಗ ಬೀದಿಯಿಂದ ಓಡಿ ಬಂದವಳಿಗೆ ಇಸ್ತ್ರಿ ತಾತ ಎದುರಾದರು. ಕೈಯಲ್ಲಿ ಒಂದು ಬಿಳಿ ಕೋಟು. ಅದರ ಎದೆಯ ಮೇಲೆ ಚೀಟಿ.

"ಏನಮ್ಮ ಪಿಟೀಲು, ಒಂದು ಗಂಟೆಯಿಂದ ಕಾಯ್ತಿದೀನಿ. ಐದು ಚೀಟಿ ಕೊಡ್ತೀನಿ ಅಂದೆ, ಬಂದಿದ್ದು ಇದೊಂದೇ. ಯಾರಿದು, 'ಎರಡು ಕಂಬಳಿ ಕೊಟ್ರೆ ಒಂದು ಫ್ರೀ'? ಹೊಸಾ ಗಿರಾಕಿನಾ?"

"ತಾತ, ಅದು ಜಾಹೀರಾತು!"

"ಕೋಟಿಗೆ ಜಾಹೀರಾತು ಯಾಕಮ್ಮ?"

ಉತ್ತರ ಹೇಳಲು ಪುರುಸೊತ್ತಿಲ್ಲ. ಪಿಟೀಲು ಗೋಡೆಯ ಸ್ವಿಚ್ಚಿಗೆ ಹಾರಿ ಬೋರ್ಡ್ ಆರಿಸಿದಳು. ಹೊರಗೆ "ಛೇ!" ಎಂದು ಜನ ನಿಟ್ಟುಸಿರಿಟ್ಟರು. ಆದರೆ ಆ ಸ್ವಿಚ್ಚಿನಿಂದಲೇ ತಾತನ ಇಸ್ತ್ರಿಗೂ ಕರೆಂಟು ಹೋಗುತ್ತಿತ್ತು. ಅಷ್ಟರಲ್ಲಿ ಒಳಗೆ ಮರಳಿದ್ದ ತಾತ ಕೂಗಿಕೊಂಡರು:

"ಯಾರದು ಕರೆಂಟ್ ತೆಗೆದಿದ್ದು? ಲೈಬ್ರರಿ ಸರ್ ಅಂಗಿ ಅರ್ಧ ಆಗಿದೆ! ಇಸ್ತ್ರಿ ತಣ್ಣಗಾದ್ರೆ ಐದಕ್ಕೆ ಹೆಂಗಮ್ಮ ಕೊಡೋದು?"

ಮತ್ತೆ ಹಾಕಲೇಬೇಕಾಯಿತು. ಆ ಹಾಳು ಬೋರ್ಡಿನ ನೆನಪಿನ ಶಕ್ತಿಯೋ, ಪರೀಕ್ಷೆ ಬರೆಯುವವರಿಗೆ ಇರಬೇಕಿತ್ತು! ಕರೆಂಟ್ ಬಂದ ಕೂಡಲೇ ಒಂದಕ್ಷರ ಮರೆಯದೆ 'ಗೊರಕೆ ಅಂಕಲ್' ಎಂದು ಮೊದಲಿನಿಂದ ಶುರು ಮಾಡಿತು. ಬಸ್‌ಸ್ಟಾಪಿನಲ್ಲಿ ಚಪ್ಪಾಳೆ ಬಿತ್ತು.

ಅಂದಹಾಗೆ, ಗೊರಕೆ ಅಂಕಲ್ ಅಂಗಡಿಯ ಒಳಗೇ ಇದ್ದರು. ಪ್ಯಾಂಟಿಗಾಗಿ ಮೂರು ಗಂಟೆಗೆ ಬಂದು ಬೆಂಚಿನ ಮೇಲೆ ಕೂತವರು, ತಮ್ಮ ಹೆಸರಿಗೆ ಚ್ಯುತಿ ಬಾರದಂತೆ ನಿದ್ದೆ ಹೋಗಿದ್ದರು.

ಪಿಟೀಲು ಡಬ್ಬಿಯ ಮುಂದೆ ಕೂತಳು. ಮಾಮ ಬೋರ್ಡ್ ಖಾಲಿ ಮಾಡಲು 'ಅಳಿಸು' ಎಂಬ ಬಟನ್ ಮಾಡಿಕೊಟ್ಟಿದ್ದ. ಅದನ್ನು ಒತ್ತಿ ಕಿವಿಗೊಟ್ಟಳು. ಹಿಂದಿನ ಕೋಣೆಯಲ್ಲಿ ಪ್ರಿಂಟರ್ ಕರ್ರ್ ಎಂದಿತು.

"ಇನ್ನೊಂದು ಬಂತು!" ತಾತ ಕೂಗಿದರು. "'ಕ್ಲಿಯರ್' ಅಂತಿದೆ. ಇವರದು ಯಾವ ಬಟ್ಟೆನಮ್ಮ?"

ಮತ್ತೆ ಒತ್ತಿದಳು. ಕರ್ರ್.

"ಇನ್ನೊಬ್ರು ಕ್ಲಿಯರ್ ಬಂದ್ರು. ಅಣ್ಣತಮ್ಮ ಇರಬೇಕು."

ಅಳಿಸುವ ಮಾತು ಪ್ರಿಂಟರಿಗೆ ಹೋಗುತ್ತಿದೆ, ಪ್ರಿಂಟರಿನ ಮಾತು ಬೋರ್ಡಿಗೆ ಹೋಗಿದೆ! ಅದಲುಬದಲಾಗಿದೆ ಎಂದು ಈಗ ಪಿಟೀಲಿಗೆ ಹೊಳೆಯಿತು. ಯಾಕೆ ಎಂದು ಹೊಳೆಯಲಿಲ್ಲ. ಗಡಿಯಾರ ನಾಲ್ಕೂವರೆ ದಾಟಿತ್ತು.

ಅವಳು ಒಗೆದ ಬಟ್ಟೆಗಳ ರಾಶಿಯಿಂದ ಒಂದು ದೊಡ್ಡ ಬಿಳಿ ಬೆಡ್‌ಶೀಟ್ ಎಳೆದು, ಏಣಿ ಹತ್ತಿ, ಬೋರ್ಡಿನ ಮೇಲೆ ಇಳಿಬಿಟ್ಟಳು. ಸದ್ಯ, ಬದುಕಿದೆ ಎಂದುಕೊಂಡು ಕೆಳಗಿಳಿದು ನೋಡಿದರೆ ಬಿಳಿ ಬಟ್ಟೆಯ ಮೇಲೆ ಕೆಂಪು ಅಕ್ಷರ ಇನ್ನೂ ದೊಡ್ಡದಾಗಿ, ಇನ್ನೂ ಚೆಂದವಾಗಿ ಹೊಳೆಯುತ್ತಿತ್ತು.

"ಸಿನಿಮಾ! ಸಿನಿಮಾ!" ಎಂದು ಒಂದು ಚಿಕ್ಕ ಹುಡುಗಿ ಕುಣಿದಳು.

ಪಿಟೀಲು ಬೆಡ್‌ಶೀಟ್ ಎಳೆದು ಬಿಸಾಕಿ ಮಾಮನಿಗೆ ಫೋನ್ ಮಾಡಿದಳು.

"ಮಾಮಾ! ಸೊನ್ನೆ ಒಂದಾಗಿದೆ, ಒಂದು ಸೊನ್ನೆಯಾಗಿದೆ!"

"ಉಸಿರು ತಗೊಂಡು ಹೇಳೇ."

"ಚೀಟಿ ಬೋರ್ಡಿಗೆ ಹೋಗ್ತಿದೆ, ಬೋರ್ಡಿಂದು ಪ್ರಿಂಟರಿಗೆ ಹೋಗ್ತಿದೆ. ನಾನು ಏನೂ ಮಾಡಿಲ್ಲ."

"ಏನೂ ಮಾಡಿಲ್ಲ ಅಂದ್ರೆ ಏನೋ ಮಾಡಿದೀಯ. ವೈರ್ ಕಿತ್ತಿದ್ಯಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

"ಎರಡೂ."

ಮಾಮ ಆ ಕಡೆ ಕಿಸಕ್ಕನೆ ನಕ್ಕ. "ನೋಡು, ಆ ಅಡಾಪ್ಟರುಗಳು ಅವಳಿಜವಳಿ. ಎರಡರ ಮೈಮೇಲೂ ಬೇರೆ ಬೇರೆ ನಂಬರ್ ಇಲ್ಲ. ಲಿನಕ್ಸ್ ಅವುಗಳ ಹಿಂದೆ ಪ್ರಿಂಟರ್ ಇದೆಯಾ ಬೋರ್ಡ್ ಇದೆಯಾ ಅಂತ ಬಗ್ಗಿ ನೋಡಲ್ಲ. ಮೊದಲು ಬಂದವರಿಗೆ ಸೊನ್ನೆ, ಆಮೇಲೆ ಬಂದವರಿಗೆ ಒಂದು. ನೀನು ಬೋರ್ಡಿಂದು ಮೊದಲು ಚುಚ್ಚಿದೀಯ, ಅಷ್ಟೆ."

"ಮತ್ತೆ ಅಕ್ಷರ ಅಷ್ಟು ಸರಿಯಾಗಿ ಯಾಕೆ ಬಂತು?"

"ಎರಡಕ್ಕೂ ಒಂದೇ ಸ್ಪೀಡ್ ಇಟ್ಟಿದೀನಿ. ಬೇರೆ ಬೇರೆ ಇದ್ದಿದ್ರೆ ಬೋರ್ಡಲ್ಲಿ ಅರ್ಥವಿಲ್ಲದ ಕಸ ಬರ್ತಿತ್ತು, ನೀನು ಬಚಾವಾಗ್ತಿದ್ದೆ. ಏನು ಓಡ್ತಿದೆ ಈಗ?"

"ಅದೆಲ್ಲ ಆಮೇಲೆ ಮಾಮಾ! ಹೇಗೆ ಸರಿ ಮಾಡೋದು?"

"ಚೀಟಿ ಬರೆಯೋ ಕಿಟಕಿ ಮೊದಲು ಮುಚ್ಚು. ಅದು ಹಳೇ ನಂಬರನ್ನ ಬಿಗಿಯಾಗಿ ಹಿಡ್ಕೊಂಡು ಕೂತಿದ್ರೆ, ಹೊಸದಾಗಿ ಬಂದವರಿಗೆ ಆ ನಂಬರ್ ಸಿಗಲ್ಲ. ಆಮೇಲೆ ಎರಡೂ ಕೀಳು. ಪ್ರಿಂಟರಿಂದು ಮೊದಲು ಹಾಕು. ಐದು ಎಣಿಸು. ಆಮೇಲೆ ಬೋರ್ಡಿಂದು."

ಹೇಳುವುದೇನೋ ಸುಲಭ. ಕೌಂಟರಿನ ಹಿಂದೆ ಬಗ್ಗಿದರೆ ಎರಡು ವೈರೂ ಕಪ್ಪು, ಎರಡೂ ಒಂದಕ್ಕೊಂದು ಹೆಣೆದುಕೊಂಡು ಮಲಗಿವೆ. ಯಾವುದು ಪ್ರಿಂಟರಿಂದು? ಪಿಟೀಲು ಕಣ್ಣು ಮುಚ್ಚಿ ಒಂದನ್ನು ಹಿಡಿದು ಜಗ್ಗಿದಳು.

"ಅಯ್ಯಯ್ಯೋ!" ಹಿಂದಿನ ಕೋಣೆಯಿಂದ ತಾತ ಚೀರಿದರು. "ಪ್ರಿಂಟರ್ ನಡೀತಾ ಇದೆ ಕಣಮ್ಮ!"

ಸಿಕ್ಕಿತು! ಕಿಟಕಿ ಮುಚ್ಚಿ, ಎರಡನ್ನೂ ಕಿತ್ತು, ಅದನ್ನು ಮೊದಲು ಹಾಕಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲೆ ಇನ್ನೊಂದು. ಡಬ್ಬಿಗೆ ಯಾರು ಯಾವ ಹೊತ್ತಿಗೆ ಬಂದರು ಎಂಬ ಹಾಜರಿ ಪುಸ್ತಕ ಒಂದಿತ್ತು. ಮಾಮ ಹೇಳಿಕೊಟ್ಟಂತೆ ಡಿ, ಎಂ, ಇ, ಎಸ್, ಜಿ ಎಂದು ಟೈಪ್ ಮಾಡಿ ಅದನ್ನು ತೆರೆದಳು. ಕೊನೆಯ ಸಾಲುಗಳಲ್ಲಿ ಮೊದಲು ಬಂದದ್ದು ಸೊನ್ನೆ, ಆಮೇಲೆ ಬಂದದ್ದು ಒಂದು. ಉಸಿರು ಬಿಗಿಹಿಡಿದು 'ಅಳಿಸು' ಒತ್ತಿದಳು. ಪ್ರಿಂಟರ್ ತುಟಿ ಪಿಟಕ್ಕೆನ್ನಲಿಲ್ಲ.

ಹೊರಗೋಡಿ ನೋಡಿದಳು. ಬೋರ್ಡ್ ಖಾಲಿ! ಕಪ್ಪಗೆ, ಪಾಪದ ಪ್ರಾಣಿಯಂತೆ ಸುಮ್ಮನೆ ಕೂತಿತ್ತು. ಗಡಿಯಾರದಲ್ಲಿ ಐದಕ್ಕೆ ಏಳು ನಿಮಿಷ. ಪಿಟೀಲು ಬೀದಿಯಲ್ಲೇ ಒಂದು ಸುತ್ತು ಕುಣಿದಳು.

ತಮಾಷೆ ಮುಗಿಯಿತೆಂದು ಬಸ್‌ಸ್ಟಾಪಿನ ಜನ ಮುಂದಿನ ಬಸ್ಸು ಹತ್ತಿದರು. ಬಸ್ಸು ಹೊರಟ ಮೇಲೆ ಅಲ್ಲಿನ ಬೆಂಚು ಕಾಣಿಸಿತು. ಅದರ ಮೂಲೆಯಲ್ಲಿ ಕಂದು ಸ್ವೆಟರ್ ಹಾಕಿದ ಒಬ್ಬರು ತೊಡೆಯ ಮೇಲೆ ಪುಸ್ತಕ ತೆರೆದುಕೊಂಡು ಕೂತಿದ್ದರು.

ಲೈಬ್ರರಿ ಸರ್.

ಅವರು ಪುಸ್ತಕ ಮುಚ್ಚಿ, ರಸ್ತೆಯ ಎರಡೂ ಕಡೆ ನೋಡಿ, ನಿಧಾನಕ್ಕೆ ದಾಟಿ ಬಂದರು.

"ಸರ್, ನೀವು ಈಗ ಬಂದ್ರಾ?" ಪಿಟೀಲು ಕೇಳಿದಳು.

"ಬೇಗ ಬಂದ್ಬಿಟ್ಟೆ ಕಣಮ್ಮ, ನಾಲ್ಕೂವರೆ ಬಸ್ಸಿಗೇ. ಅಂಗಿ ಐದಕ್ಕೆ ಅಲ್ವಾ, ಅಲ್ಲೇ ಕೂತು ಓದ್ತಿದ್ದೆ." ಅವರು ಕೌಂಟರಿನ ಮುಂದೆ ನಿಂತು ಒಳಗಿನ ಕೋಣೆಯ ಕಡೆ ಕತ್ತು ಚಾಚಿದರು. "ಒಂದಂಗಿ ಸರ್ ಬಂದಿದಾರೆ ಅಂತ ತಾತನಿಗೆ ಹೇಳು."

ಎಂದವರೇ ಜೋರಾಗಿ ನಕ್ಕರು.

ಪಿಟೀಲು ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ನಿಂತಳು. ತಾತ ನೀಲಿ ಅಂಗಿಯನ್ನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟರು. ಸರ್ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಅವರು ಆ ಕಡೆ ಹೋಗುತ್ತಲೇ ಈ ಕ‌ಡೆಯಿಂದ ಅಮ್ಮನ ವ್ಯಾನ್ ಬಂತು. ಅದರ ಹಿಂದೆಯೇ ಸೈಕಲ್ಲಿನಲ್ಲಿ ಜಿಮ್ಮಿನ ಕೋಚ್. ಮುಖ ಕೆಂಡದಂತಾಗಿತ್ತು.

"ಇಪ್ಪತ್ತು ಜನ ಸ್ಟೂಡೆಂಟ್ಸ್ ಮೇಡಂ! ಬಸ್ಸಲ್ಲಿ ಬಂದವರೆಲ್ಲ ನನ್ನ ಜೇಬು ನೋಡ್ತಾರೆ! ಸ್ವೀಟ್ ಬಿಡಿ, ಕರಿದಿದ್ದು ಬಿಡಿ ಅಂತ ದಿನಾ ಕ್ಲಾಸ್ ತಗೊಳ್ಳೋನು ನಾನು. ಒಂದೆರಡು ಬಿಸ್ಕತ್ ತಿಂದ್ರೆ ಏನೀಗ? ಅದೂ ಸಕ್ಕರೆ ಇಲ್ಲದ್ದು!"

ಏನೂ ತಿಳಿಯದೆ ಅಮ್ಮ ತಾತನ ಮುಖ ನೋಡಿದಳು. ತಾತ ಸೂರು ನೋಡಿದರು. ಪಿಟೀಲು ನೆಲ ನೋಡಿದಳು. ಆಮೇಲೆ ಎಲ್ಲ ಹೊರಗೆ ಬಂತು. ಹೆಸರುಗಳನ್ನು ಒಂದೊಂದಾಗಿ ಹೇಳಬೇಕಾದಾಗ ಅಮ್ಮ ಕೆಳತುಟಿ ಕಚ್ಚಿ ಹಿಡಿದಿದ್ದಳು. 'ಗುಂಡಿ ಇಲ್ಲದ ಡಾಕ್ಟರ್' ಎಂದಾಗ ಕೆಮ್ಮು ಬಂದವಳಂತೆ ಆ ಕಡೆ ತಿರುಗಿದಳು. ತಿರುಗಿ ಬಂದ ಮೇಲೆ ಮಾತ್ರ ಬೈಗುಳದ ಮಳೆಯೇ ಸುರಿಯಿತು.

"ನಮ್ಮ ಮೇಲೆ ನಂಬಿಕೆ ಇಟ್ಟು ಮೈಮೇಲಿನ ಬಟ್ಟೆ ಕೊಡ್ತಾರೆ ಜನ. ಅವರ ಕಲೆ, ಹರುಕು, ಜೇಬು ಎಲ್ಲ ನಾವು ನೋಡ್ತೀವಿ. ಅದನ್ನ ಊರಿಗೆಲ್ಲ ಸಾರೋದಾ?"

"ನಾನು ಸಾರ್ಲಿಲ್ಲಮ್ಮ, ಯುಎಸ್‌ಬಿ ಸೊನ್ನೆ..."

"ಬಾಯಿ ಮುಚ್ಚು!"

ಕೋಚಿಗೆ ಅಲ್ಲೇ ಸಾರಿ ಹೇಳಿಸಿದಳು. ಸೆಂಟ್ ಆಂಟಿಯ ಮನೆಗೆ ಹೋಗಿ ಹೇಳಿಸಿದಳು. ಡಾಕ್ಟರ್ ಕೇಳಿ ನಕ್ಕುಬಿಟ್ಟು, "ಹಾಗಾದ್ರೆ ಗುಂಡಿ ಹೊಲಿದು ಕೊಡಿ" ಎಂದರು. ಗೊರಕೆ ಅಂಕಲ್ ಐದೂವರೆಗೆ ಎದ್ದು, ಎಲ್ಲ ಕೇಳಿ, "ನಾನು? ಗೊರಕೆ? ಛೆ ಛೆ, ಬೇರೆ ಯಾರನ್ನೋ ನೋಡಿರಬೇಕು" ಎಂದು ಪ್ಯಾಂಟ್ ತೆಗೆದುಕೊಂಡು ಹೋದರು.

"ಲೈಬ್ರರಿ ಸರ್ ನಕ್ರಮ್ಮ," ಎಂದಳು ಪಿಟೀಲು. "ಅವರಿಗೆ ಬೇಜಾರೇ ಇಲ್ಲ."

ಅಮ್ಮ ಒಂದು ಕ್ಷಣ ಅವಳನ್ನೇ ನೋಡಿದಳು.

ಭಾನುವಾರ ಮಾಮ ಬಂದ. ಇನ್ನು ಮುಂದೆ ಯಾರು ಮೊದಲು ಬಂದರು ಎಂದು ನೋಡದೆ, ಈ ತೂತಿಗೆ ಸಿಕ್ಕಿಸಿದ್ದು ಪ್ರಿಂಟರ್, ಆ ತೂತಿಗೆ ಸಿಕ್ಕಿಸಿದ್ದು ಬೋರ್ಡ್ ಎಂದು ಡಬ್ಬಿ ತಿಳಿದುಕೊಳ್ಳುವ ಹಾಗೆ ಮಾಡಿದ. ವೈರಿಗೆ ಬಣ್ಣದ ಟೇಪೂ ಸುತ್ತಿದ. ಆಮೇಲೆ ಅಮ್ಮನ ಆಜ್ಞೆಯಂತೆ ಪಿಟೀಲಿನ ಹೆಸರನ್ನು ಒಂದು ತಿಂಗಳ ಮಟ್ಟಿಗೆ ಆ ಗುಂಪಿನಿಂದ ತೆಗೆದುಹಾಕಿದ. ಅವಳು ಚೀಟಿ ಕಳಿಸಲು ನೋಡಿದಳು. 'ಪರ್ಮಿಷನ್ ಇಲ್ಲ' ಎಂದಿತು ಡಬ್ಬಿ. ಸಿಟ್ಟು ಬಂತು, ಆದರೂ ತಡೆದುಕೊಂಡಳು. ಸರ್ ಓದಿದರೂ ನಕ್ಕರಲ್ಲ, ಅದೇ ದೊಡ್ಡದು ಎಂದುಕೊಂಡು ರಾತ್ರಿ ಆರಾಮವಾಗಿ ನಿದ್ದೆ ಮಾಡಿದಳು.

ಸೋಮವಾರ ಮೂರನೇ ಪೀರಿಯಡ್ ಲೈಬ್ರರಿ.

"ಸರ್, ಹೊಸಾ ಶರ್ಟ್!" ಬಾಗಿಲಲ್ಲೇ ಹುಡುಗರು ಕೂಗಿದರು. "ಸೂಪರ್ ಸರ್!"

ಹೌದು, ಸರ್ ಹಳದಿ ಚೌಕುಳಿಯ ಹೊಸ ಅಂಗಿ ಹಾಕಿದ್ದರು. ಪಿಟೀಲು ಲಾಂಡ್ರಿಯ ಮಗಳು, ಅಂಗಿ ನೋಡಿದರೆ ಅದರ ಜಾತಕ ಹೇಳುವವಳು. ಎದೆಯ ಮೇಲೆ ಅಡ್ಡಕ್ಕೆ ಉದ್ದಕ್ಕೆ ಮಡಿಕೆಯ ಗೆರೆಗಳು ಹಾಗೇ ಎದ್ದು ನಿಂತಿದ್ದವು. ಪ್ಯಾಕೆಟ್ಟಿನಿಂದ ತೆಗೆದು ನೇರ ಮೈಗೆ ಹಾಕಿದ್ದು. ಇಸ್ತ್ರಿಗೆ ಕೊಟ್ಟಿರಲಿಲ್ಲ. ಇವಳ ಅಂಗಡಿಗೆ ಬಂದೇ ಇರಲಿಲ್ಲ.

ನೀಲಿ ಅಂಗಿಯ ಜೇಬು ದೊಡ್ಡದು. ಕನ್ನಡಕದ ಡಬ್ಬಿ, ಪೆನ್ನು, ಮಕ್ಕಳ ಕಾರ್ಡು ಎಲ್ಲ ಅದರಲ್ಲಿ ಹಿಡಿಯುತ್ತಿದ್ದವು. ಈ ಜೇಬು ಬೆಂಕಿಪೊಟ್ಟಣದಷ್ಟು. ಸರ್ ಬಗ್ಗಿದಾಗಲೆಲ್ಲ ಕಾರ್ಡುಗಳು ನೆಲಕ್ಕೆ ಉದುರುತ್ತಿದ್ದವು. ಜೊತೆಗೆ ಎರಡು ನಿಮಿಷಕ್ಕೊಮ್ಮೆ ಕತ್ತು ಆ ಕಡೆ ಈ ಕಡೆ ಹೊರಳಿಸಿ ಕಾಲರಿನೊಳಗೆ ಬೆರಳು ತೂರಿಸುತ್ತಿದ್ದರು.

ಪಿಟೀಲು ಕಾರ್ಡುಗಳನ್ನು ಆರಿಸಿ ಮೇಜಿನ ಮೇಲಿಟ್ಟಳು.

"ಸರ್, ನೀಲಿ ಅಂಗಿ?"

"ಇದೆಯಲ್ಲ, ಮನೇಲಿದೆ. ಇದೂ ಒಂದು ಇರ್ಲಿ ಅಂತ ನಿನ್ನೆ ತಗೊಂಡೆ." ಅವರು ಮತ್ತೆ ಕತ್ತು ಹೊರಳಿಸಿ ಸಣ್ಣಗೆ ಮುಖ ಹಿಂಡಿದರು. "ಚೆನ್ನಾಗಿದೆಯಾ?"

ಆಗ ಅವಳಿಗೆ ಕಂಡಿತು. ಕಾಲರಿನ ಮಡಿಕೆಯ ಕೆಳಗೆ ಸಾಸಿವೆ ಕಾಳಿನಷ್ಟು ಏನೋ ಹೊಳೆಯಿತು. ಗುಂಡುಪಿನ್ನಿನ ತಲೆ. ಹೊಸ ಅಂಗಿಯನ್ನು ಪ್ಯಾಕೆಟ್ಟಿನಲ್ಲಿ ನೀಟಾಗಿ ಕೂರಿಸಲು ಅಲ್ಲಲ್ಲಿ ಗುಂಡುಪಿನ್ನು ಚುಚ್ಚಿರುತ್ತಾರೆ. ಗೊತ್ತಿದ್ದವರು ಹುಡುಕಿ ತೆಗೆಯುತ್ತಾರೆ. ಹೊಸ ಅಂಗಿ ಕೊಂಡು ರೂಢಿಯಿಲ್ಲದವರಿಗೆ ಹೇಗೆ ಗೊತ್ತಾಗಬೇಕು?

"ಸರ್, ಸ್ವಲ್ಪ ಬಗ್ಗಿ. ಅಲ್ಲಾಡಬೇಡಿ."

ಅವಳು ಉಗುರಿನಿಂದ ಮೆಲ್ಲಗೆ ಎಳೆದು ಪಿನ್ನನ್ನು ಹೊರತೆಗೆದಳು. ಸರ್ ಕತ್ತಿನಲ್ಲಿ ಕೆಂಪಗೆ ಒಂದು ಚುಕ್ಕೆ ಎದ್ದಿತ್ತು.

"ಅಯ್ಯೋ, ಇದಾ!" ಎಂದರು ಸರ್. "ಬೆಳಗ್ಗೆಯಿಂದ ಚುಚ್ತಾನೇ ಇತ್ತು. ಹೊಸ ಅಂಗಿ ಅಂದ್ರೆ ಹೀಗೇ ಇರಬಹುದು ಅಂದ್ಕೊಂಡು ಸುಮ್ಮನಿದ್ದೆ."

"ಚುಚ್ತಿದೆ ಅಂತ ಯಾರಿಗಾದ್ರೂ ಹೇಳ್ಬೇಕಿತ್ತು ಸರ್."

"ಏನಂತ ಹೇಳೋದು ಹೇಳು?" ಎಂದು ಸರ್ ಜೋರಾಗಿ ನಕ್ಕರು.

ಶನಿವಾರ ಕೌಂಟರಿನ ಮುಂದೆ ನಕ್ಕರಲ್ಲ, ಅದೇ ನಗು. ಅಷ್ಟೇ ಜೋರು, ಅಷ್ಟೇ ಉದ್ದ. ಪಿಟೀಲು ಅವರ ಮುಖವನ್ನೇ ನೋಡುತ್ತ ನಿಂತಳು. ಅವಳಿಗೆ ಅಳು ಒತ್ತರಿಸಿಕೊಂಡು ಬಂತು.

"ಸಾರಿ ಸರ್."

"ಯಾಕೆ? ಪಿನ್ನು ನೀನು ಚುಚ್ಚಿದ್ದಲ್ಲವಲ್ಲ."

"ಪಿನ್ನಿಗಲ್ಲ ಸರ್."

ಸರ್ ನಗು ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು.

"ಹ್ಞೂಂ," ಎಂದರು. ಆಮೇಲೆ ಕೈ ಮುಂದೆ ಚಾಚಿದರು. "ಈ ತೋಳಲ್ಲೂ ಏನೋ ಚುಚ್ಚಿದ ಹಾಗಿದೆ. ನೋಡ್ತೀಯಾ?"

ಪಿಟೀಲು ಮೂಗು ಒರೆಸಿಕೊಂಡು ತೋಳಿನ ಮಡಿಕೆ ಬಿಡಿಸಿದಳು. ಅಲ್ಲೊಂದು ಸಿಕ್ಕಿತು. ಬೆನ್ನಿನ ಅಂಚಿನಲ್ಲಿ ಇನ್ನೊಂದು. ಸಾಮಾನ್ಯವಾಗಿ ನಾಲ್ಕಿರುತ್ತವೆ.

"ಏನಮ್ಮ, ಇವತ್ತು ಒಂದು ಪ್ರಶ್ನೆನೂ ಇಲ್ವಾ?" ಸರ್ ಕೇಳಿದರು.

"ಇಲ್ಲ ಸರ್, ಸುಮ್ಮನೆ ನಿಂತ್ಕೊಳ್ಳಿ," ಎಂದು ಅವಳು ನಾಲ್ಕನೆಯ ಪಿನ್ನಿಗಾಗಿ ಹುಡುಕತೊಡಗಿದಳು, ಎಲ್ಲೂ ತಾಗದ ಹಾಗೆ, ಮೆಲ್ಲಗೆ.